‘ಸಾಧನೆ’ ಪದದ ಅರ್ಥ ಮತ್ತು ಬಳಕೆ

ಕ್ರೀಡಾಪುಟದಲ್ಲಿ ‘ಕಳಪೆ ಸಾಧನೆ’ ಎಂದೂ ಪರೀಕ್ಷೆಯ ಫಲಿತಾಂಶದ ವರದಿಯಲ್ಲಿ ‘ಜಿಲ್ಲೆಯ ಸಾಧನೆ ಕುಸಿತ’ ಎಂದೂ ಅಚ್ಚಾಗುವುದು ಈಗ ರೂಢಿಯಾಗಿದೆ. ದುಡಿದು ದಕ್ಕಿಸಿಕೊಂಡದ್ದಕ್ಕೆ ಸಲ್ಲಬೇಕಾದ ಪದವನ್ನು ಬರಿಯ ಫಲಿತಾಂಶಕ್ಕೂ ಬಳಸುವುದು ಸರಿಯೇ ಎಂಬುದು ನನ್ನ ಪ್ರಶ್ನೆ.

ಸಂಸ್ಕೃತದ ‘ಸಾಧನಾ’, ‘ಮಾಲಾ’ ಎಂಬುದು ‘ಮಾಲೆ’ಯಾದಂತೆ, ಕನ್ನಡದಲ್ಲಿ ‘ಸಾಧನೆ’ಯಾಯಿತು, ‘ಸಾಧನ’ ಎಂಬ ರೂಪ ಸಲಕರಣೆಯ ಅರ್ಥದಲ್ಲಿ ಬೇರೆಯಾಗಿಯೇ ಉಳಿಯಿತು. ಪಟ್ಟು ಹಿಡಿದ ಅಭ್ಯಾಸ ಮತ್ತು ಅದರಿಂದ ಕೈಗೂಡಿದ ಫಲ ಎರಡನ್ನೂ ‘ಸಾಧನೆ’ ಹೇಳುತ್ತದೆಯಾದರೂ ಜನಬಳಕೆಯಲ್ಲಿ ಅಭ್ಯಾಸದ ಅರ್ಥವೇ ಗಟ್ಟಿ. ‘ಸಾಧಿಸಿದರೆ ಸಬಳ ನುಂಗಬಹುದು’ ಎಂಬ ಗಾದೆಯಲ್ಲಿ ಸಬಳವೆಂದರೆ ಈಟಿ. ಅಲ್ಲಿ ‘ಸಾಧಿಸಿದರೆ’ ಎಂಬುದಕ್ಕೆ ‘ಗೆದ್ದರೆ’ ಎಂದಲ್ಲ, ‘ಬಿಡದೆ ಅಭ್ಯಾಸ ಮಾಡಿದರೆ’ ಎಂದೇ ಅರ್ಥ. ಸಂಗೀತ ಕಲಿಯುವವರು ಇಂದಿಗೂ ‘ಅಕಾರ ಸಾಧಕ ಮಾಡಬೇಕು’ ಎನ್ನುತ್ತಾರೆ, ಎಂದರೆ ಸ್ವರಗಳನ್ನು ಅಕಾರದಲ್ಲಿ ಹಾಡಿ ಅಭ್ಯಾಸ ಮಾಡಬೇಕು ಎಂದು. ಹಗೆ ಸಾಧಿಸುವುದು, ಹಟ ಸಾಧಿಸುವುದು ಮೆಚ್ಚತಕ್ಕ ಕೆಲಸಗಳಲ್ಲವಾದರೂ ಅವುಗಳಲ್ಲಿಯೂ ಬಿಡದೆ ಬೆನ್ನುಹತ್ತುವ ಗುಣ ಇದ್ದೇ ಇರುವುದರಿಂದ, ಈ ಪದದ ತಿರುಳು ಹೊಗಳಿಕೆಯಲ್ಲ, ಶ್ರಮ ಎಂದು ತಿಳಿಯುತ್ತೇನೆ.

ಹತ್ತಿರದ ಪದಗಳಲ್ಲಿ ಈ ತಿರುಳು ಇಷ್ಟು ಸ್ಪಷ್ಟವಾಗಿಲ್ಲ. ‘ಸಿದ್ಧಿ’ ವರದಿಂದಲೂ ಗುರುಕೃಪೆಯಿಂದಲೂ ಬರಬಹುದು. ‘ಗಳಿಕೆ’ ಎಣಿಕೆಗೆ ಸಿಗುವಂಥದ್ದು: ಹಣ, ಅಂಕ, ರನ್ನು. ಸಲ್ಲಿಸಿದ ಸೇವೆಗೆ ತಕ್ಕಂತೆ ನೌಕರನ ಲೆಕ್ಕಕ್ಕೆ ಜಮೆಯಾಗುವ ರಜೆಯನ್ನು ‘ಗಳಿಕೆ ರಜೆ’ ಎಂದವರು ಬಹಳ ಒಪ್ಪುವ ಹೆಸರನ್ನೇ ಇಟ್ಟಿದ್ದಾರೆ. ಆಸ್ತಿಯ ಕಾಗದಪತ್ರಗಳಲ್ಲಿ ‘ಸ್ವಯಾರ್ಜಿತ’, ‘ಪಿತ್ರಾರ್ಜಿತ’ ಎಂಬ ಎರಡರಲ್ಲಿಯೂ ‘ಅರ್ಜಿತ’ವಿದೆ, ಏಕೆಂದರೆ ಪಿತ್ರಾರ್ಜಿತವೂ ಹಿರಿಯರು ಯಾರೋ ಸಂಪಾದಿಸಿದ್ದೇ, ಆದರೆ ಅದು ಮಗನ ಪಾಲಿಗೆ ಬಂದದ್ದನ್ನು ಮಗನ ಸಾಧನೆ ಎಂದು ಯಾರೂ ಹೇಳುವುದಿಲ್ಲ.

ಪದದ ಅರ್ಥ ಬೆಳೆಯಬಾರದೆಂದು ನಾನು ಹೇಳುತ್ತಿಲ್ಲ. ಅಧ್ಯಾತ್ಮದ ಮಾತಿನಲ್ಲಿ ಇನ್ನೂ ದಾರಿಯಲ್ಲಿರುವವನು ಸಾಧಕ, ಗುರಿ ಮುಟ್ಟಿದವನು ಸಿದ್ಧ. ನವೆಂಬರ್ 1ರ ರಾಜ್ಯೋತ್ಸವದ ವೇದಿಕೆಯಲ್ಲಿ ‘ಸಾಧಕರಿಗೆ ಸನ್ಮಾನ’ ಎನ್ನುವಾಗ ಗುರಿ ಮುಟ್ಟಿದವರನ್ನೇ ಸಾಧಕರೆನ್ನುತ್ತೇವೆ. ಅಲ್ಲಿ ದುಡಿಮೆಯ ಅರ್ಥ ಅಳಿಯದ ಕಾರಣ ಆ ಬಳಕೆ ನನಗೆ ಒಪ್ಪಿಗೆಯೇ. ‘ಕಳಪೆ ಸಾಧನೆ’ಯಲ್ಲಾದರೋ ಸಾಧಿಸಲಾಗದೆ ಹೋದದ್ದಕ್ಕೇ ಸಾಧನೆಯ ಹೆಸರು ಸಂದುಬಿಡುತ್ತದೆ. ‘ಕಳಪೆ ಆಟ’, ‘ಫಲಿತಾಂಶ ಕುಸಿತ’ ಎಂದರೆ ಹೇಳಬೇಕಾದದ್ದು ಪೂರ್ತಿ ಮುಟ್ಟುತ್ತದೆ.

ಈ ಬಳಕೆ ಹಬ್ಬಿದ್ದರಲ್ಲಿ ಸರ್ಕಾರಿ ಪ್ರಗತಿ ವರದಿಗಳ ಪಾಲೂ ಇರಬಹುದೆಂಬುದು ನನ್ನ ಊಹೆ. ಅಲ್ಲಿ ‘ಗುರಿ’ ಎಂಬ ಕಲಂನ ಪಕ್ಕದಲ್ಲಿ ‘ಸಾಧನೆ’, ಅದರಾಚೆ ‘ಶೇಕಡಾ’ ಎಂದಿರುತ್ತದೆ. ಏನೂ ಆಗದಿದ್ದಾಗಲೂ ‘ಸಾಧನೆ’ಯ ಕೆಳಗೆ ಸೊನ್ನೆ ಬರೆಯಲೇಬೇಕು. ಆ ಕಲಂಗೆ ‘ಪ್ರಗತಿ’ ಎಂದರೆ ಸಾಲದೇ, ಅಥವಾ ಕಚೇರಿಗಳಲ್ಲಿ ಇನ್ನೂ ಒಪ್ಪುವ ಪದವೊಂದು ಬಳಕೆಯಲ್ಲಿದೆಯೇ ಎಂಬುದನ್ನು ಇಂಥ ವರದಿಗಳನ್ನು ಬರೆದು ಬಲ್ಲವರು ದಯವಿಟ್ಟು ತಿಳಿಸಬೇಕು.