ವೆಂಟಿಲೇಟರ್ ರೋಗಿಗೆ ಒಂದೇ ಸಕ್ಷನ್ ಕೊಳವೆ ಎಷ್ಟು ಹೊತ್ತು?

ಪ್ರಶ್ನೆ (ಸಿಂಧನೂರು): ಅಪ್ಪ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಗಂಟಲ ಟ್ಯೂಬಿನಿಂದ ಕಫ ಎಳೆಯುವ ತೆಳು ಪೈಪನ್ನು ಪ್ರತಿ ಸಲ ಬಿಸಾಡ್ತಾರೆ. ಆದರೆ ಬಾಯಿಯ ಜೊಲ್ಲು ತೆಗೆಯುವ ಗಟ್ಟಿ ಕೊಳವೆ ಮೊನ್ನೆಯಿಂದ ಅದೇ ಇದೆ, ದಿಂಬಿನ ಪಕ್ಕ ಹಾಗೇ ಬಿದ್ದಿರುತ್ತೆ. ಎಳೆದ ಕಫ ಸೇರುವ ಗೋಡೆಯ ಜಾರ್ ಬೇರೆ ಅರ್ಧ ತುಂಬಿದೆ, ನೋಡಿದ್ರೆ ಭಯ ಆಗುತ್ತೆ. ಇನ್ಫೆಕ್ಷನ್ ಆಗಲ್ವಾ?

ಉತ್ತರ (ಐಸಿಯು ನರ್ಸ್, ಬಳ್ಳಾರಿ): ಎಲ್ಲರೂ ಜಾರ್ ನೋಡಿಯೇ ಹೆದರ್ತಾರೆ. ಅದಕ್ಕಿಂತ ಆ ಗಟ್ಟಿ ಕೊಳವೆ ಬಗ್ಗೆ ಕೇಳಿ. ಅದಕ್ಕೆ ಯಾಂಕೌರ್ ಅಂತೀವಿ. ಸದಾ ಒದ್ದೆ ಇರುತ್ತೆ, ಒಂದೇ ದಿನದಲ್ಲಿ ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್ ತರದ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದಿರಬಹುದು. ಹಾಸಿಗೆ ಮೇಲೆ ಬಿದ್ದದ್ದು ಮತ್ತೆ ಬಾಯಿಗೆ ಹೋಗುತ್ತೆ. ಟ್ಯೂಬಿನ ಸುತ್ತ ಒಂದು ಪುಟ್ಟ ಬಲೂನ್ ಇರುತ್ತಲ್ಲ, ಬಾಯಿಯ ಜೊಲ್ಲು ಇಳಿದು ಅದರ ಮೇಲೆ ನಿಂತು, ಸಂದಿಯಿಂದ ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಜಿನುಗುತ್ತೆ. ಟ್ಯೂಬ್ ಹಾಕಿ 48 ಗಂಟೆ ದಾಟಿದ ಮೇಲೆ ಬರುವ ನ್ಯುಮೋನಿಯಾಗೆ ಇದೇ ಮುಖ್ಯ ದಾರಿ.

ಇನ್ನೊಂದು, ಪೈಪ್ ತೊಳೆಯೋಕೆ ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟಿರ್ತಾರೆ, ಅದನ್ನು ನೋಡಿ. ಸ್ಟೆರೈಲ್ (ಕ್ರಿಮಿಯಿಲ್ಲದ) ನೀರಾ, ಯಾವಾಗ ತೆರೆದದ್ದು ಅಂತ ಕೇಳಿ. ಮುಚ್ಚಳ ಇಲ್ಲದೆ ದಿನಗಟ್ಟಲೆ ಇಟ್ಟ ನೀರಿನಲ್ಲಿ ಅದ್ದಿದರೆ ಕೊಳವೆ ತೊಳೆದಂಗಲ್ಲ, ಬ್ಯಾಕ್ಟೀರಿಯಾ ಹಚ್ಚಿದಂಗೆ.

ಪ್ರಶ್ನೆ (ಅದೇ): ಕೇಳಿದ್ರೆ ಸಿಸ್ಟರ್ ಬೇಜಾರಾಗಲ್ವಾ?

ಉತ್ತರ: "ಸಿಸ್ಟರ್, ಈ ಕೊಳವೆ ಇವತ್ತು ಬದಲಿಸ್ತೀರಾ? ಹೊರಗಿಂದ ತರಬೇಕಾದ್ರೆ ಹೇಳಿ, ತರ್ತೀನಿ" ಅನ್ನಿ, ಸಾಕು. ನಮಗೂ ಎಷ್ಟೋ ಸಲ ಸ್ಟಾಕ್ ಇಲ್ಲದೆ ಕೈ ಕಟ್ಟಿದಂಗಿರುತ್ತೆ. ತಲೆ ಕಡೆ ಹಾಸಿಗೆ 30 ಡಿಗ್ರಿಯಾದ್ರೂ ಎತ್ತಿದ್ದಾರಾ ಅಂತಲೂ ನೋಡಿ. ನೀವು ಮುಟ್ಟುವ ಮುಂಚೆ ಕೈ ತೊಳೀರಿ, ಸಂಬಂಧಿಕರು ಇದನ್ನೇ ಮರೀತಾರೆ.

ಪ್ರಶ್ನೆ (ಗಂಗಾವತಿ): ನಮ್ಮಮ್ಮನಿಗೆ ಕ್ಲೋಸ್ಡ್ ಸಕ್ಷನ್ ಹಾಕಿದ್ದಾರೆ. ದಿನಾ ಬದಲಿಸಬೇಕಾ?

ಉತ್ತರ: ಬೇಡ. ಅದರಲ್ಲಿ ಕಫ ಎಳೆಯುವ ಪೈಪ್ ಪ್ಲಾಸ್ಟಿಕ್ ಕವಚದೊಳಗೇ ಇರುತ್ತೆ. ಗಲೀಜಾದ್ರೆ, ಕೆಟ್ಟರೆ ಅಥವಾ ಕಂಪನಿ ಹೇಳಿದ ಅವಧಿ ಮುಗಿದ್ರೆ ಬದಲಿಸ್ತಾರೆ. ಅದು ಹಾಕಿದ್ರೆ ನ್ಯುಮೋನಿಯಾ ಬರೋದೇ ಇಲ್ಲ ಅಂತೇನಿಲ್ಲ, ವೆಂಟಿಲೇಟರ್ ಬಿಚ್ಚದೆ ಕಫ ತೆಗೆಯಬಹುದು, ಅದೇ ಮುಖ್ಯ ಲಾಭ.

ಪ್ರಶ್ನೆ (ವಾರ್ಡ್ ಅಟೆಂಡರ್, ಮಾನ್ವಿ): ಜಾರ್‌ಗೆ ಸುಮ್ನೆ ಬ್ಲೀಚ್ ಸುರಿದಿಟ್ಟರೆ ಸಾಲದಾ ಮೇಡಂ?

ಉತ್ತರ: ಸಾಲಲ್ಲ. ಕಫ ಅಂಟಿದ್ದರೆ ಬ್ಲೀಚ್ ಅದರ ಮೇಲೇ ಖರ್ಚಾಗಿ ಹೋಗುತ್ತೆ. ಮೊದಲು ಖಾಲಿ ಮಾಡಿ, ಸೋಪಿನಿಂದ ಉಜ್ಜಿ, ಆಮೇಲೆ 1% ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣದಲ್ಲಿ ನೆನೆಸಿ, ತೊಳೆದು, ಪೂರ್ತಿ ಒಣಗಿಸಿ. ಬ್ಲೀಚ್ ದಿನಾ ಹೊಸದಾಗಿ ಕಲಸಿ. ನಿಮ್ಮ ಕಡೆ ಬಿಸಿಲಿಗೆ ಅದರ ಶಕ್ತಿ ಬೇಗ ಇಳಿಯುತ್ತೆ, ವಾಸನೆ ಮಾತ್ರ ಉಳಿದಿರುತ್ತೆ.