ಅಳಿಲುಗಳಿಗೆ ಎಟುಕದಂತೆ ಹಿತ್ತಲಿನಲ್ಲಿ ಬರ್ಡ್ ಫೀಡರ್ ಅಳವಡಿಸುವುದು ಹೇಗೆ?

ಪ್ರಶ್ನೆ – ಹಿತ್ತಲಹಕ್ಕಿ

ಹಿತ್ತಲಿಗೆ ಬರುವ ಹಕ್ಕಿಗಳಿಗಾಗಿ ಮರದ ಕೊಂಬೆಯೊಂದಕ್ಕೆ ನೈಲಾನ್ ಹಗ್ಗ ಕಟ್ಟಿ ಪ್ಲಾಸ್ಟಿಕ್ ಫೀಡರ್ ಒಂದನ್ನು ತೂಗುಹಾಕಿದ್ದೇವೆ. ಕಾಳು ತುಂಬಿಸಿ ಒಳಗೆ ಬರುವಷ್ಟರಲ್ಲಿ ಅಳಿಲುಗಳು ಹಗ್ಗ ಹಿಡಿದು ತಲೆಕೆಳಗಾಗಿ ಇಳಿದು ಅದಕ್ಕೆ ಜೋತುಬಿದ್ದಿರುತ್ತವೆ. ಅವು ತಿಂದು ಮುಗಿಸುವ ತನಕ ಒಂದು ಹಕ್ಕಿಯೂ ಹತ್ತಿರ ಸುಳಿಯುವುದಿಲ್ಲ. ಕಾಳು ಬರುವ ಕಿಂಡಿಗಳ ಅಂಚನ್ನು ಅವು ಕಡಿದು ದೊಡ್ಡದು ಮಾಡಿರುವುದರಿಂದ ಈಗ ಬಹುಪಾಲು ಕಾಳು ನೆಲಕ್ಕೇ ಸುರಿಯುತ್ತಿದೆ.

ಹೊಸದನ್ನು ಕೊಳ್ಳಲೇಬೇಕಾಗಿದೆ. ಅಳಿಲು ನಿರೋಧಕ ಎಂದು ಮಾರುವ ಫೀಡರ್‌ಗಳಲ್ಲಿ ಕೆಲವಕ್ಕೆ ಸುತ್ತಲೂ ತಂತಿಯ ಪಂಜರವಿದೆ, ಇನ್ನು ಕೆಲವು ಭಾರ ಬಿದ್ದೊಡನೆ ಮುಚ್ಚಿಕೊಳ್ಳುತ್ತವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು, ಎಲ್ಲಿ ಇಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ. ಕಂಬಕ್ಕೆ ಗ್ರೀಸ್ ಬಳಿಯುವುದು, ಕಾಳಿಗೆ ಖಾರದ ಪುಡಿ ಬೆರೆಸುವುದು ಸರಿಯೇ ಎಂಬುದನ್ನೂ ಹೇಳಿ. ಅಳಿಲುಗಳಿಗೆ ನೋವಾಗುವಂಥ ಯಾವುದನ್ನೂ ಮಾಡಲು ನಮಗೆ ಮನಸ್ಸಿಲ್ಲ.

ಉತ್ತರ – ಕೊಂಬೆರೆಂಬೆ

ಯಾವ ಫೀಡರ್ ಎಂಬುದಕ್ಕಿಂತ ಅದು ಎಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಮರದ ಕೊಂಬೆಗೆ ತೂಗುಹಾಕಿದ ಫೀಡರ್ ಎಷ್ಟೇ ಬೆಲೆಬಾಳುವದಾಗಿದ್ದರೂ ಅಳಿಲು ಅದರ ಮುಂದೆ ದಿನವಿಡೀ ಕುಳಿತು ದಾರಿ ಹುಡುಕುತ್ತದೆ. ಹಿಂಗಾಲುಗಳ ಪಾದವನ್ನು ಪೂರ್ತಿ ಹಿಂದಕ್ಕೆ ತಿರುಗಿಸಬಲ್ಲ ಪ್ರಾಣಿಯಾದ್ದರಿಂದ ತಲೆ ಕೆಳಗಾಗಿ ಇಳಿಯುವುದು ಅದಕ್ಕೆ ಶ್ರಮದ ಕೆಲಸವೇ ಅಲ್ಲ. ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಪ್ಲಾಸ್ಟಿಕ್, ಮರ, ನೈಲಾನ್ ಯಾವುದನ್ನು ಕೊಟ್ಟರೂ ಕಡಿಯುತ್ತದೆ.

ಆದ್ದರಿಂದ ಬಯಲಿನಲ್ಲಿ ಒಂಟಿಯಾಗಿ ನಿಲ್ಲುವ, ನುಣುಪಾದ ಲೋಹದ ಕಂಬವೊಂದನ್ನು ನೆಡಿ. ದೊಡ್ಡ ಜಾತಿಯ ಬೂದು ಅಳಿಲು ನೆಲದಿಂದ ಸುಮಾರು 4 ಅಡಿ ಮೇಲಕ್ಕೆ ಚಿಮ್ಮಬಲ್ಲದು, ಎತ್ತರದ ಜಾಗದಿಂದ ಅಡ್ಡಕ್ಕೆ 8ರಿಂದ 10 ಅಡಿ ಹಾರಬಲ್ಲದು. ನೆಲದಿಂದ 5 ಅಡಿ ಎತ್ತರ, ಮರ ಅಥವಾ ಗೋಡೆಯಿಂದ 7 ಅಡಿ ದೂರ, ಮೇಲೆ ಚಾಚಿದ ಕೊಂಬೆಯಿಂದ 9 ಅಡಿ ಕೆಳಗೆ ಎಂಬ ಲೆಕ್ಕವನ್ನು ಹಲವರು ಹೇಳುತ್ತಾರೆ. ಅಡ್ಡದ ಅಂತರ 7 ಅಡಿ ಸಾಲದೆಂಬುದು ನನ್ನ ಅಭಿಪ್ರಾಯ. ಜಾಗವಿದ್ದರೆ 10 ಅಡಿ ಬಿಡಿ. ಮರವನ್ನಷ್ಟೇ ಅಳೆದರೆ ಸಾಲದು: ಬಟ್ಟೆ ಒಣಹಾಕುವ ತಂತಿ, ಕುರ್ಚಿಯ ಬೆನ್ನು, ಕಾಂಪೌಂಡಿನ ನೆತ್ತಿ, ಮನೆಯ ಸಜ್ಜೆ ಇವೆಲ್ಲವೂ ಅಳಿಲಿಗೆ ಜಿಗಿಯುವ ಕಟ್ಟೆಗಳೇ.

ಕಂಬ ನೆಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಏಕೆಂದರೆ ಬರಿಯ ಕಂಬವನ್ನು ಅಳಿಲು ಸಲೀಸಾಗಿ ಏರುತ್ತದೆ. ಕಂಬದ ಸುತ್ತ ‘ಬ್ಯಾಫಲ್’ ಎಂಬ ತಡೆಯನ್ನು ಕೂರಿಸಬೇಕು. ಕೊಡೆಯಂತೆ ಇಳಿಬಿದ್ದ ತಟ್ಟೆಯಾದರೆ ಅದರ ಅಡ್ಡಳತೆ ಕನಿಷ್ಠ 16ರಿಂದ 18 ಅಂಗುಲವಿರಲಿ, ನೆಲದಿಂದ 4 ಅಡಿಗಿಂತ ಕೆಳಗೆ ಬರದಿರಲಿ. ನನಗೆ ಹೆಚ್ಚು ಹಿಡಿಸಿರುವುದು ಕೊಳವೆಯಾಕಾರದ ತಡೆ: 6ರಿಂದ 8 ಅಂಗುಲ ಅಗಲ ಮತ್ತು 2 ಅಡಿ ಉದ್ದದ ತಗಡಿನ ಕೊಳವೆಯ ಮೇಲ್ಬಾಯಿಯನ್ನು ಮುಚ್ಚಿ, ತುಸು ಅಲುಗಾಡುವಂತೆ ಕಂಬಕ್ಕೆ ಸಿಕ್ಕಿಸಿ, ಅದರ ನೆತ್ತಿ ನೆಲದಿಂದ ಸುಮಾರು 5 ಅಡಿಗೆ ಬರುವಂತೆ ನಿಲ್ಲಿಸಬೇಕು. ಕಂಬ ಹಿಡಿದು ಏರಿದ ಅಳಿಲು ಕೊಳವೆಯೊಳಗೆ ಹೋಗಿ ಮುಚ್ಚಿದ ತುದಿಯನ್ನು ಮುಟ್ಟಿ, ಬಂದ ದಾರಿಯಲ್ಲೇ ಇಳಿಯುತ್ತದೆ. ಅದಕ್ಕೆ ಪೆಟ್ಟೂ ಆಗುವುದಿಲ್ಲ, ಹೆದರಿಕೆಯೂ ಆಗುವುದಿಲ್ಲ.

ಉತ್ತರ – ಕಾಳುಕಡ್ಡಿ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಗ್ರೀಸ್ ಮತ್ತು ಖಾರದ ವಿಷಯಕ್ಕೆ ಬರುತ್ತೇನೆ.

ಗ್ರೀಸ್, ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಯಾವುದನ್ನೂ ದಯವಿಟ್ಟು ಬಳಸಬೇಡಿ. ಅದು ಗರಿಗೆ ಅಂಟಿದರೆ ಹಕ್ಕಿ ಕೊಕ್ಕಿನಿಂದ ತೀಡಿ ತೆಗೆಯಲಾರದು. ನೀರನ್ನು ತಡೆಯುವ, ಮೈಯ ಬಿಸಿಯನ್ನು ಕಾಯುವ ಶಕ್ತಿಯನ್ನೇ ಗರಿಗಳು ಕಳೆದುಕೊಳ್ಳುತ್ತವೆ. ಅಳಿಲಿನ ತುಪ್ಪಳಕ್ಕೂ ಇದೇ ಗತಿ, ಜೊತೆಗೆ ಅದು ನೆಕ್ಕಿದ್ದೆಲ್ಲ ಹೊಟ್ಟೆಗೆ ಸೇರುತ್ತದೆ.

ಖಾರದ ವಿಷಯ ಸ್ವಲ್ಪ ಬೇರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಸಸ್ತನಿಗಳ ನರತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸುವುದರಿಂದ ಉರಿ ಎನಿಸುತ್ತದೆ. ಹಕ್ಕಿಗಳಲ್ಲಿಯೂ ಆ ಗ್ರಾಹಕವಿದೆ, ಆದರೆ ಅದು ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಕೋಳಿಯ ಗ್ರಾಹಕವನ್ನು ಪ್ರತ್ಯೇಕಿಸಿ ಪರೀಕ್ಷಿಸಿದ ಸಂಶೋಧಕರು 2002ರಲ್ಲಿ ಇದನ್ನು ತೋರಿಸಿಕೊಟ್ಟರು. ಹೀಗಾಗಿ ಖಾರದ ಕಾಳನ್ನು ಹಕ್ಕಿ ನಿರಾತಂಕವಾಗಿ ತಿನ್ನುತ್ತದೆ. ಆದರೂ ಒಣ ಪುಡಿಯನ್ನು ಉದುರಿಸುವುದು ಬೇಡವೆಂದೇ ಹೇಳುತ್ತೇನೆ. ಗಾಳಿಗೆ ಹಾರಿದ ಪುಡಿ ತುಂಬಿಸುವವರ ಕಣ್ಣಿಗೂ ಅಳಿಲಿನ ಕಣ್ಣಿಗೂ ಬೀಳುತ್ತದೆ, ಅದು ಅಳಿಲಿಗೆ ನೋವು ಕೊಟ್ಟೇ ಕೆಲಸ ಮಾಡುತ್ತದೆ. ನೋವಾಗಬಾರದು ಎಂದು ನೀವೇ ಹೇಳಿದ್ದೀರಿ.

ಇನ್ನು ಫೀಡರ್‌ನ ಆಯ್ಕೆ. ಅದಕ್ಕೆ ಮೊದಲು ಒಂದು ವಿಷಯ ತಿಳಿಯಬೇಕು: ನಿಮ್ಮಲ್ಲಿಗೆ ಬರುವುದು ಯಾವ ಗಾತ್ರದ ಅಳಿಲು?

ಹಿತ್ತಲಹಕ್ಕಿ

ಇಬ್ಬರಿಗೂ ಧನ್ಯವಾದಗಳು. ಬರುವುದು ಬೆನ್ನ ಮೇಲೆ ಪಟ್ಟೆಗಳಿರುವ ಸಣ್ಣ ಅಳಿಲು. ನಮ್ಮ ಹಿತ್ತಲು ಕಿರಿದು. ಎಲ್ಲಿ ಕಂಬ ನೆಟ್ಟರೂ ಒಂದು ಕಡೆ ಗೋಡೆ 6 ಅಡಿಯೊಳಗೆ ಬರುತ್ತದೆ. ಫೀಡರ್ ಅಡುಗೆಮನೆಯ ಕಿಟಕಿಯಿಂದ ಕಾಣುವಂತಿದ್ದರೆ ಸಂತೋಷ.

ಉತ್ತರ – ಕಾಳುಕಡ್ಡಿ

ಹಾಗಾದರೆ ಪಂಜರದ ಫೀಡರ್‌ಗೆ ದುಡ್ಡು ಹಾಕಬೇಡಿ. ಅದರ ಕಣ್ಣುಗಳು ಸುಮಾರು ಒಂದೂವರೆ ಅಂಗುಲದವು. ಅರ್ಧ ಕಿಲೋ ತೂಗುವ ಬೂದು ಅಳಿಲು ಅದರಲ್ಲಿ ನುಸುಳಲಾರದು, ಆದರೆ 100 ಗ್ರಾಂ ಆಸುಪಾಸಿನ ಪಟ್ಟೆ ಅಳಿಲು ಆರಾಮವಾಗಿ ಒಳಹೊಕ್ಕು ಊಟ ಮಾಡುತ್ತದೆ. ಕಣ್ಣು ಇನ್ನೂ ಚಿಕ್ಕದಾದರೆ ಹಕ್ಕಿಗಳೇ ಹೊರಗುಳಿಯುತ್ತವೆ.

ಭಾರಕ್ಕೆ ಮುಚ್ಚಿಕೊಳ್ಳುವ ಬಗೆಯಲ್ಲಿ ಅಳಿಲು ಕಾಲಿಟ್ಟೊಡನೆ ಸ್ಪ್ರಿಂಗ್ ಕುಗ್ಗಿ, ಹೊರಕವಚ ಕೆಳಗಿಳಿದು ಕಿಂಡಿಗಳು ಮುಚ್ಚುತ್ತವೆ. ಇವುಗಳಲ್ಲಿ ಹಲವು ದೊಡ್ಡ ಅಳಿಲಿನ ತೂಕಕ್ಕೆ ಹೊಂದಿಸಿದವು. ಸ್ಪ್ರಿಂಗ್‌ನ ಬಿಗಿಯನ್ನು ಕೈಯಿಂದ ಬದಲಿಸಬಹುದಾದ ಮಾದರಿಯನ್ನೇ ಆರಿಸಿ, ಕೂರುವ ಜಾಗಕ್ಕೆ 80 ಗ್ರಾಂ ಕಾಳಿನ ಪೊಟ್ಟಣವೊಂದನ್ನು ಕಟ್ಟಿ, ಕಿಂಡಿ ಪೂರ್ತಿ ಮುಚ್ಚುತ್ತದೆಯೇ ಎಂದು ನೋಡಿ. ಗುಬ್ಬಿಯಂಥ ಹಕ್ಕಿ 30 ಗ್ರಾಂ ಸುತ್ತಮುತ್ತ ತೂಗುವುದರಿಂದ ಅದಕ್ಕೆ ತೊಂದರೆಯಿಲ್ಲ. ಪಾರಿವಾಳಗಳಿಗೆ ಮಾತ್ರ ಇದರಲ್ಲಿ ಅವಕಾಶವಿರುವುದಿಲ್ಲ. ಅವು ನೆಲಕ್ಕೆ ಬಿದ್ದದ್ದನ್ನು ಆಯ್ದುಕೊಳ್ಳುತ್ತವೆ. ಅಳಿಲು ಮೇಲಿನಿಂದ ತಲೆಕೆಳಗಾಗಿ ಜೋತು, ಹೊರಕವಚಕ್ಕೆ ಭಾರ ಹಾಕದೆಯೇ ಕಿಂಡಿಗೆ ಬಾಯಿ ಹಾಕುವಂತಿದ್ದರೆ ಈ ಏರ್ಪಾಡು ವ್ಯರ್ಥವಾದ್ದರಿಂದ ಉದ್ದನೆಯ ಫೀಡರ್ ಒಳ್ಳೆಯದು. ಕಿಂಡಿಯ ಅಂಚು, ಮುಚ್ಚಳ, ತೂಗುವ ತಂತಿ ಎಲ್ಲವೂ ಲೋಹದ್ದಾಗಿರಲಿ.

ಕಾಳನ್ನೂ ಬದಲಿಸಿ ನೋಡಿ. ಶೇಂಗಾ ಮತ್ತು ಸೂರ್ಯಕಾಂತಿ ಅಳಿಲಿಗೆ ಬಲು ಪ್ರಿಯ. ಕುಸುಬೆಯ ಸಿಪ್ಪೆ ಗಟ್ಟಿ, ರುಚಿ ಕಹಿ; ಎಲ್ಲ ಅಳಿಲುಗಳೂ ಅಲ್ಲದಿದ್ದರೂ ಹಲವು ಅದನ್ನು ಬಿಟ್ಟುಹೋಗುತ್ತವೆ. ಹಕ್ಕಿಗಳಿಗೂ ಅದು ಹೊಸದಾದ್ದರಿಂದ ಮೊದಲು ಸ್ವಲ್ಪ ಬೆರೆಸಿ, ಮೆಲ್ಲಗೆ ಹೆಚ್ಚಿಸಿ. ಸಣ್ಣ ಕೊಕ್ಕಿನ ಹಕ್ಕಿಗಳಿಗೆ ಹುಚ್ಚೆಳ್ಳು ಒಳ್ಳೆಯದು, ಆದರೆ ಅದಕ್ಕೆ ಕಿರಿಗಂಡಿಯ ಬೇರೆ ಫೀಡರ್ ಬೇಕು.

ಉತ್ತರ – ಕೊಂಬೆರೆಂಬೆ

ಗೋಡೆ 6 ಅಡಿಯೊಳಗಿದ್ದರೆ ಕಂಬದ ಕೆಳಗಿನ ತಡೆಯೊಂದೇ ಸಾಲದು, ಏಕೆಂದರೆ ಅಳಿಲು ಅದನ್ನು ದಾಟುವ ಗೋಜಿಗೇ ಹೋಗದೆ ಗೋಡೆಯ ನೆತ್ತಿಯಿಂದ ನೇರವಾಗಿ ಫೀಡರ್ ಮೇಲೆ ಹಾರಬಹುದು. ಫೀಡರ್‌ನ ಮೇಲೂ 18 ಅಂಗುಲ ಅಗಲದ, ಜಾರುವ ಗುಮ್ಮಟದ ತಡೆಯೊಂದನ್ನು ತೂಗಿಹಾಕಿ, ಗೋಡೆಯ ಕಡೆಯಿಂದ ಕಂಬವನ್ನು ಆದಷ್ಟು ದೂರಕ್ಕೆ ಸರಿಸಿ. ಇಂಥ ಜಾಗದಲ್ಲಿ ಕಾಳುಕಡ್ಡಿಯವರು ಹೇಳಿದ ಸ್ಪ್ರಿಂಗ್ ಫೀಡರ್ ಕೂಡ ಅಗತ್ಯ. ಒಂದು ತಡೆಯನ್ನು ದಾಟಿದರೂ ಮತ್ತೊಂದು ಇರುತ್ತದೆ.

ಕಿಟಕಿಯ ವಿಷಯದಲ್ಲಿ ಎಚ್ಚರ ಬೇಕು. ಬೆದರಿ ಹಾರಿದ ಹಕ್ಕಿ ಗಾಜಿನಲ್ಲಿ ಕಂಡ ಮರ, ಆಕಾಶವನ್ನು ನಿಜವೆಂದು ತಿಳಿದು ಬಡಿದುಕೊಂಡು ಸಾಯುವುದುಂಟು. ಫೀಡರ್ ಕಿಟಕಿಯಿಂದ 3 ಅಡಿಯೊಳಗಿದ್ದರೆ ಅದಕ್ಕೆ ವೇಗ ಬಂದಿರುವುದಿಲ್ಲ; ಇಲ್ಲವಾದರೆ 30 ಅಡಿಗಿಂತ ದೂರವಿರಬೇಕು. ನಿಮ್ಮ ಹಿತ್ತಲಿನಲ್ಲಿ ಎರಡೂ ಸಾಧ್ಯವಾಗದಿದ್ದರೆ ಗಾಜಿನ ಹೊರಮೈಯಲ್ಲಿ 2 ಅಂಗುಲಕ್ಕೊಂದರಂತೆ ಚುಕ್ಕೆಗಳನ್ನು ಅಂಟಿಸಿ.

ಎರಡು ವಾರಕ್ಕೊಮ್ಮೆ ಫೀಡರ್ ಬಿಚ್ಚಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿದ ಮೇಲೆಯೇ ತುಂಬಿಸಿ. ಒದ್ದೆ ಕಾಳಿನಲ್ಲಿ ಬೂಸ್ಟು ಹಿಡಿಯುತ್ತದೆ, ಹಿಕ್ಕೆ ಬಿದ್ದ ಕಾಳಿನಿಂದ ಸಾಲ್ಮೊನೆಲ್ಲಾ ಹರಡುತ್ತದೆ. ಕಾಯಿಲೆಯ ಹಕ್ಕಿ ಕಂಡರೆ ಕೆಲವು ವಾರ ಕಾಳು ಇಡುವುದನ್ನು ನಿಲ್ಲಿಸಿ. ನೆಲಕ್ಕೆ ಬಿದ್ದದ್ದನ್ನು ಸಂಜೆ ಗುಡಿಸಿಬಿಡಿ, ಇಲ್ಲದಿದ್ದರೆ ರಾತ್ರಿ ಇಲಿ ಹೆಗ್ಗಣಗಳು ಬರುತ್ತವೆ.