ಪಾರ್ಕ್ ಹಿಂದಿನ ಹೊಗೆ ನಿಲ್ಲಬೇಕಾದರೆ ಅಟ್ಟದ ಮೇಲಿನ ಹಳೇ ಟಿವಿ ಸರಿಯಾದ ಕಡೆ ಹೋಗಬೇಕು

ಕಾರ್ಯದರ್ಶಿ, ನಿವಾಸಿಗಳ ಸಂಘ
ಎಲ್ಲರಿಗೂ ನಮಸ್ಕಾರ. ಪಾರ್ಕ್ ಹಿಂದಿನ ಖಾಲಿ ಸೈಟಿನಲ್ಲಿ ರಾತ್ರಿ ಹೊತ್ತು ವೈರ್ ಸುಡ್ತಿರೋ ವಿಷಯ ಈ ಗುಂಪಿನಲ್ಲಿ ಆಗಾಗ ಬರ್ತಾನೇ ಇದೆ. ಇವತ್ತು ಬೆಳಿಗ್ಗೆ ಕಮಿಟಿಯವರು ಹೋಗಿ ನೋಡಿಕೊಂಡು ಬಂದ್ವಿ. ಕಾಂಪೌಂಡ್ ಮೂಲೆಯಲ್ಲಿ ನೆಲ ಕರಿ ಹಿಡಿದಿದೆ. ಅದರ ಪಕ್ಕದಲ್ಲೇ ಹಳೇ ಟಿವಿಯ ಪಿಕ್ಚರ್ ಟ್ಯೂಬ್. ಹಿಂದಿನ ಕತ್ತು ಮುರಿದು ತಾಮ್ರದ ಸುರುಳಿ ಕಿತ್ತುಕೊಂಡು ಹೋಗಿದ್ದಾರೆ. ಉಳಿದ ಗಾಜು ಚೂರಾಗಿ ಬಿದ್ದಿದೆ, ಗಾಜಿನ ಒಳಮೈಗೆ ಹತ್ತಿದ್ದ ಬಿಳಿ ಪುಡಿ ಮಣ್ಣಿನ ಮೇಲೆ ಉದುರಿದೆ. ಮಕ್ಕಳ ಚೆಂಡು ಗೋಡೆ ದಾಟಿದರೆ ಬೀಳೋದು ಇದೇ ಜಾಗಕ್ಕೆ. ದಯವಿಟ್ಟು ಯಾರನ್ನೂ ಆ ಕಡೆ ಬಿಡಬೇಡಿ. ನಾಳೆ ಗ್ಲೌಸ್ ಹಾಕಿಕೊಂಡು ಎಲ್ಲ ಚೂರುಗಳನ್ನೂ ದಪ್ಪ ಚೀಲಕ್ಕೆ ತುಂಬಿಸ್ತೀವಿ.

ಪೊಲೀಸರಿಗೆ ಹೇಳಿದ್ದೇವೆ, ಸೈಟಿನ ಮಾಲೀಕರಿಗೂ ಫೋನ್ ಮಾಡಿದ್ದೇವೆ. ಬೇಲಿ ಹಾಕಿಸ್ತೀನಿ ಅಂದಿದ್ದಾರೆ. ಆದರೆ ಇಲ್ಲಿ ಬೇಲಿ ಬಿದ್ದರೆ ಸುಡುವವರು ಮುಂದಿನ ಸೈಟಿಗೆ ಹೋಗ್ತಾರೆ. ಅಲ್ಲಿ ಬಿದ್ದಿದ್ದ ಟಿವಿ ಕವಚದ ಮೇಲೆ ನಮ್ಮ ಬಡಾವಣೆಯ ಕೇಬಲ್‌ನವರು ಅಂಟಿಸೋ ಚೀಟಿ ಇತ್ತು. ಸಾಮಾನು ಹೋಗ್ತಿರೋದು ನಮ್ಮ ಮನೆಗಳಿಂದಲೇ. ಹಾಗಾಗಿ ಕಮಿಟಿಯ ಸಲಹೆ: ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಸಂಘದ ಕಟ್ಟೆ ಹತ್ತಿರ ಇ-ವೇಸ್ಟ್ (ಹಳೇ ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಸಾಮಾನು) ಸಂಗ್ರಹ ಇಟ್ಟುಕೊಳ್ಳೋಣ. ಅಧಿಕೃತ ಮರುಬಳಕೆ ಘಟಕದವರೇ ಗಾಡಿ ತರ್ತಾರೆ. ನಮ್ಮಿಂದ ಏನೂ ತಗೊಳ್ಳಲ್ಲ, ನಮಗೆ ಏನೂ ಕೊಡಲ್ಲ. ಎಲ್ಲರ ಅಭಿಪ್ರಾಯ ಬೇಕು.

ಪಾರ್ಕ್ ಎದುರಿನ ಮನೆ
ನನ್ನ ಮಗಳಿಗೆ ವೀಸಿಂಗ್ ಇದೆ. ಆ ವಾಸನೆ ಬಂದ ರಾತ್ರಿ ಕಿಟಕಿ ಎಲ್ಲ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಇಟ್ಟು ಮಲಗ್ತೀವಿ. ಸಂಗ್ರಹಕ್ಕೆ ನಾನು ಬರ್ತೀನಿ, ಏನು ಕೆಲಸ ಹೇಳಿದರೂ ಮಾಡ್ತೀನಿ.

5ನೇ ಕ್ರಾಸ್, ಮೂಲೆ ಮನೆ
ಉದ್ದೇಶ ಒಳ್ಳೆಯದೇ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಗುಜರಿಯವನು ಮನೆ ಬಾಗಿಲಿಗೆ ಬಂದು ಕೈಗೆ ದುಡ್ಡು ಕೊಟ್ಟು ತಗೊಂಡು ಹೋಗ್ತಾನೆ. ನಾವೇ ಹೊತ್ತುಕೊಂಡು ಬಂದು ಕಂಪನಿಗೆ ಪುಕ್ಕಟೆ ಯಾಕೆ ಕೊಡಬೇಕು? ಅವರು ಅದರಲ್ಲಿ ಲಾಭ ಮಾಡಿಕೊಳ್ಳಲ್ವಾ? ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು, ಲೆಕ್ಕ ಕೇಳದೆ ಸಹಿ ಹಾಕಲ್ಲ.

ಮೇಷ್ಟ್ರು, 2ನೇ ಮೇನ್
ಕೇಳಬೇಕಾದ ಪ್ರಶ್ನೆಯೇ ಸರ್. ನನಗೆ ತಿಳಿದಷ್ಟು ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಗುಜರಿಯಲ್ಲಿ ನಮ್ಮ ಟಿವಿಗೆ ಬೆಲೆ ಕಟ್ಟೋದು ಒಳಗಿರುವ ತಾಮ್ರ, ಅಲ್ಯೂಮಿನಿಯಂ, ಬೋರ್ಡಿನ ಲೆಕ್ಕದಲ್ಲಿ. ಪಿಕ್ಚರ್ ಟ್ಯೂಬಿಗೆ ಗಿರಾಕಿ ಇಲ್ಲ. ಆ ದಪ್ಪ ಗಾಜಿನಲ್ಲಿ ಸೀಸ ಬೆರೆತಿರುತ್ತೆ, ದೊಡ್ಡ ಟ್ಯೂಬಾದರೆ ಕಿಲೋ ಲೆಕ್ಕದಲ್ಲಿ. ಸೀಸ ಎಳೆ ಮಕ್ಕಳ ಮೆದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತೆ. ಹಾಗೇ ವೈರಿಗೆ ಬೆಲೆ ಬರೋದು ತಾಮ್ರಕ್ಕೆ. ಮೇಲಿನ ಪಿವಿಸಿ ಪ್ಲಾಸ್ಟಿಕ್ ಸಿಪ್ಪೆ ಸುಲಿಯೋಕೆ ಹೊತ್ತು ಹಿಡಿಯುತ್ತೆ, ಬೆಂಕಿ ಹಚ್ಚಿದರೆ ಕ್ಷಣದಲ್ಲಿ ಕೆಲಸ ಮುಗೀತು. ಆ ಹೊಗೆಯಲ್ಲಿ ಡಯಾಕ್ಸಿನ್ ಅನ್ನೋ ವಿಷ ಇರುತ್ತೆ. ಇನ್ನು ಬೋರ್ಡುಗಳನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವ ಕಡೆ ಉಳಿದ ಆಸಿಡ್ ಮೋರಿಗೆ ಹೋಗುತ್ತೆ. ನಮ್ಮ ಕೈಗೆ ಬರುವ ಒಂದಿಷ್ಟು ರೂಪಾಯಿಯಲ್ಲಿ ಈ ಖರ್ಚು ಯಾವುದೂ ಸೇರಿಲ್ಲ. ಅದನ್ನು ಎದುರು ಮನೆಯ ಮಗು ಉಸಿರಾಡಿ ತೀರಿಸ್ತಿದೆ.

ಅಧಿಕೃತ ಘಟಕದಲ್ಲಿ ಗಾಜು ಬೇರೆ, ಪ್ಲಾಸ್ಟಿಕ್ ಬೇರೆ, ಲೋಹ ಬೇರೆ ಮಾಡ್ತಾರೆ. ವೈರಿನ ಸಿಪ್ಪೆಯನ್ನು ಯಂತ್ರದಲ್ಲಿ ತೆಗೀತಾರೆ, ಸುಡಲ್ಲ. ಲಾಭ ಬರುವ ಸಾಮಾನು, ಬರದೇ ಇರುವ ಸಾಮಾನು ಎರಡನ್ನೂ ತಗೋಬೇಕು. ತಾಮ್ರ ಇಟ್ಟುಕೊಂಡು ಗಾಜನ್ನು ಸೈಟಿಗೆ ಎಸೆಯುವ ಹಾಗಿಲ್ಲ. ಇದು ದೂರದ ಊರಿನ ಮಾತಲ್ಲ, ನಮ್ಮ ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯ 'ಇ-ಪರಿಸರ' 2005ರಲ್ಲೇ ಶುರುವಾಗಿದ್ದು, ದೇಶದ ಮೊದಮೊದಲ ಅಧಿಕೃತ ಘಟಕಗಳಲ್ಲಿ ಒಂದು.

ಇನ್ನು ಖರ್ಚು ಯಾರದ್ದು ಅನ್ನೋದು. ಕಾನೂನಿನ ಪ್ರಕಾರ ತಯಾರಿಸಿ ಮಾರಿದ ಕಂಪನಿಯದು. 2011ರಲ್ಲಿ ಮೊದಲ ಇ-ತ್ಯಾಜ್ಯ ನಿಯಮ ಬಂತು, 2012ರ ಮೇ 1ರಿಂದ ಜಾರಿಗೆ. 2016ರಲ್ಲಿ ಬದಲಾಯ್ತು. ಈಗ ಇರೋದು 2022ರ ನಿಯಮ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು 21 ಬಗೆಯ ಸಾಮಾನು ಮಾತ್ರ ಪಟ್ಟಿಯಲ್ಲಿತ್ತು, ಈಗ 106. ಹಿಂದೆ ಎಷ್ಟು ಸಾಮಾನು ಮಾರಿದ್ದರೋ ಅದರ ಲೆಕ್ಕದಲ್ಲಿ ಇಷ್ಟು ಪಾಲು ಮರುಬಳಕೆ ಆಗಿದೆ ಅಂತ ಕಂಪನಿಗಳು ಪ್ರತಿ ವರ್ಷ ತೋರಿಸಬೇಕು. ಮೊದಲೆರಡು ವರ್ಷ ಶೇ. 60, 2025-26ರಿಂದ ಶೇ. 70, 2027-28ರಿಂದ ಶೇ. 80. ನೋಂದಾಯಿತ ಮರುಬಳಕೆ ಘಟಕದ ಪ್ರಮಾಣಪತ್ರ ಇಲ್ಲದೆ ಇದನ್ನು ತೋರಿಸೋಕೆ ಆಗಲ್ಲ, ಆ ಪ್ರಮಾಣಪತ್ರವನ್ನು ಕಂಪನಿಗಳು ದುಡ್ಡು ಕೊಟ್ಟು ಕೊಳ್ಳಬೇಕು. ಹಾಗಾಗಿ ಸರ್, ಪುಕ್ಕಟೆ ಸಂಗ್ರಹ ಯಾರೋ ನಮಗೆ ಮಾಡುವ ಉಪಕಾರವೂ ಅಲ್ಲ, ನಾವು ಕಂಪನಿಗೆ ಕೊಡುವ ದಾನವೂ ಅಲ್ಲ. ಟಿವಿ ಮಾರುವಾಗಲೇ ಅವರ ತಲೆ ಮೇಲೆ ಬಂದ ಹೊಣೆ ಅದು. ನಾವು ಸಾಮಾನನ್ನು ಸರಿಯಾದ ಕಡೆ ಕೊಡದಿದ್ದರೆ ಆ ಹೊಣೆ ಕಾಗದದ ಮೇಲೇ ಉಳಿದುಹೋಗುತ್ತೆ.

7ನೇ ಕ್ರಾಸ್, ಮಾವಿನ ಮರದ ಮನೆ
ಮೇಷ್ಟ್ರು ಚಿನ್ನದ ಮಾತೆತ್ತಿದರು, ಅದಕ್ಕೆ ಬರೀತಿದ್ದೀನಿ. ನಾನು ಕೆಜಿಎಫ್‌ನಲ್ಲಿ ಕೆಲಸ ಮಾಡಿದವನು. 2001ರಲ್ಲಿ ಗಣಿ ಮುಚ್ಚುವ ಕಾಲಕ್ಕೆ ಅಷ್ಟು ಆಳದಿಂದ ಒಂದು ಟನ್ ಅದಿರು ಮೇಲೆ ತಂದರೆ ಸಿಗ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಅದಕ್ಕಾಗಿ ಎಷ್ಟು ಜನ ಆ ಶಾಖದಲ್ಲಿ ಬೆಂದರು, ಎಷ್ಟು ಜನ ಶ್ವಾಸಕೋಶ ಕಳಕೊಂಡರು ಅನ್ನೋದು ನಮಗೆ ಗೊತ್ತು. ಹಳೇ ಮೊಬೈಲ್ ಒಂದು ಟನ್ ಆದರೆ ನೂರಾರು ಗ್ರಾಂ ಸಿಗುತ್ತೆ. ಜಪಾನಿನವರು ಇದನ್ನು ಮಾಡಿ ತೋರಿಸಿದ್ದಾರೆ. ಟೋಕಿಯೊ ಒಲಿಂಪಿಕ್ಸ್ ಪದಕಗಳಿಗೆ ಬೇಕಾದ ಲೋಹವನ್ನೆಲ್ಲ ಜನರಿಂದ ಪುಕ್ಕಟೆ ಸಂಗ್ರಹಿಸಿದ ಹಳೇ ಸಾಮಾನಿನಿಂದಲೇ ತೆಗೆದರು. 2017ರ ಏಪ್ರಿಲಿಂದ 2019ರ ಮಾರ್ಚ್‌ವರೆಗೆ ಸುಮಾರು 79,000 ಟನ್ ಸಾಮಾನು, ಅದರ ಜೊತೆಗೆ 62 ಲಕ್ಷ ಮೊಬೈಲ್. ಚಿನ್ನ ಬಂದದ್ದು 32 ಕಿಲೋ, ಬೆಳ್ಳಿ 3,500 ಕಿಲೋ. ಊರೂರಿನ ಪುರಸಭೆಗಳೇ ಸಂಗ್ರಹಕ್ಕೆ ನಿಂತವು. ನಮ್ಮ ಮೇಜಿನ ಡ್ರಾಯರ್‌ನಲ್ಲಿ ಸುಮ್ಮನೆ ಬಿದ್ದಿರುವ ಕೀಪ್ಯಾಡ್ ಫೋನುಗಳನ್ನು ತಂದುಕೊಡಿ. ಅಷ್ಟು ಚಿನ್ನ ನೆಲದಿಂದ ಅಗೆಯೋದಾದರೂ ತಪ್ಪುತ್ತೆ.

3ನೇ ಮೇನ್, ಮೊದಲ ಮಹಡಿ
ಅಂಕಲ್ ಹೇಳಿದ್ದು ಓದಿ ನಮ್ಮ ಮನೆ ಡ್ರಾಯರ್ ತೆಗೆದೆ. ಎಷ್ಟೊಂದು ಫೋನು ಬಿದ್ದಿವೆ!

ಎಲ್ಲರೂ ಫೋನ್ ಕೊಡೋಕೆ ಹಿಂದೆಮುಂದೆ ನೋಡೋದು ಒಳಗಿರುವ ಫೋಟೋ, ಬ್ಯಾಂಕ್ ಆ್ಯಪ್ ಭಯಕ್ಕೆ. ಭಯ ನ್ಯಾಯವಾದದ್ದೇ. ಫೋನ್ ಆನ್ ಆಗೋದಾದರೆ ಬೇಕಾದ್ದನ್ನು ಬೇರೆ ಕಡೆ ಉಳಿಸಿಕೊಂಡು, ಅಕೌಂಟ್‌ಗಳಿಂದ ಲಾಗ್‌ಔಟ್ ಆಗಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ, ಇದನ್ನೇ ಜನ ಮರೆಯೋದು. ಕಂಪ್ಯೂಟರಾದರೆ ಫೈಲ್ ಡಿಲೀಟ್ ಮಾಡಿದರೆ ಸಾಲದು, ಮೇಲೆ ಮೇಲೆ ಬೇರೆ ಡೇಟಾ ಬರೆದು ಅಳಿಸಬೇಕು. ನಾನು ಸಂಗ್ರಹದ ಹಿಂದಿನ ದಿನ ಸಂಜೆ ಸಂಘದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರ್ತೀನಿ. ನಿಮ್ಮ ಹಾರ್ಡ್ ಡಿಸ್ಕ್ ತನ್ನಿ, ನಿಮ್ಮ ಕಣ್ಣೆದುರೇ ಅಳಿಸಿ ಕೊಡ್ತೀನಿ. ಆನ್ ಆಗದ ಡಿಸ್ಕ್ ಇದ್ದರೆ ಡ್ರಿಲ್ಲಿಂಗ್ ಮೆಷಿನ್ ಇದೆ, ತೂತು ಹೊಡೆದುಬಿಡೋಣ. ಆದರೆ ಪೆನ್‌ಡ್ರೈವ್ ಥರದ ಚಿಪ್ ಇರುವ ಎಸ್‌ಎಸ್‌ಡಿಗೆ ಬೇರೆ ವಿಧಾನ, ಅದನ್ನು ತರುವವರು ಮೊದಲೇ ಹೇಳಿ.

ಟೈಲರಿಂಗ್ ಅಂಗಡಿ ಮೇಲಿನ ಮನೆ
ಎಲ್ಲಾ ಸರಿ. ಆದರೆ ತಳ್ಳುಗಾಡಿಯ ತಮ್ಮನನ್ನು ಕಳ್ಳನ ಥರ ನೋಡಬೇಡಿ ಅಂತ ಕೇಳಿಕೊಳ್ತೀನಿ. ನಮ್ಮ ಬೀದಿಗೆ ವರ್ಷಗಳಿಂದ ಬರ್ತಿದ್ದಾನೆ. ಅವನು ಇಲ್ಲಿ ಏನೂ ಸುಡಲ್ಲ, ತೂಕಕ್ಕೆ ಮೈಸೂರು ರೋಡ್ ಕಡೆ ಗೋಡೌನಿಗೆ ಹಾಕಿಬಿಡ್ತಾನೆ. ಪೇಪರ್, ಕಬ್ಬಿಣ, ಬಾಟಲಿ ಎಲ್ಲ ಅವನಿಗೇ ಹೋಗಲಿ. ಅವನ ಹೊಟ್ಟೆಗೆ ಕಲ್ಲು ಹಾಕಿ ನಾವು ಪರಿಸರ ಉಳಿಸೋದು ಬೇಡ.

ಕಾರ್ಯದರ್ಶಿ
ಅಕ್ಕಾ, ಇದನ್ನು ಎತ್ತಿದ್ದಕ್ಕೆ ತುಂಬಾ ಥ್ಯಾಂಕ್ಸ್. ಬೆಂಗಳೂರಿನ ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಎಷ್ಟನ್ನೋ ಇವತ್ತು ನಡೆಸ್ತಿರೋದು ಮುಂಚೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ಈ ಊರಿನ ಕಸದ ಕೆಲಸ ಅವರಿಲ್ಲದೆ ಒಂದು ದಿನ ನಡೆಯಲ್ಲ. ಕಮಿಟಿಯಲ್ಲಿ ಮಾತಾಡಿ ಹೀಗೆ ಅಂದುಕೊಂಡಿದ್ದೇವೆ: ಆ ಭಾನುವಾರ ಪೂರ್ತಿ ನಮ್ಮ ತಳ್ಳುಗಾಡಿಯವರ ಗಾಡಿಯನ್ನೇ ದಿನಗೂಲಿ ಮೇಲೆ ಗೊತ್ತು ಮಾಡೋಣ. ವಯಸ್ಸಾದವರ ಮನೆಯಿಂದ ಟಿವಿ, ವಾಷಿಂಗ್ ಮೆಷಿನ್ ಇಳಿಸಿ ತರೋಕೆ ನಮಗೆ ಹೇಗೂ ಜನ ಬೇಕು, ಭಾರ ಎತ್ತಿ ಅಭ್ಯಾಸ ಇರೋರು ಅವರು. ಕೂಲಿ ಸಂಘದ ಹಣದಿಂದ. ಅವರನ್ನೂ ಮಾತಾಡಿಸಿದೆ, ಒಪ್ಪಿದ್ದಾರೆ.

5ನೇ ಕ್ರಾಸ್, ಮೂಲೆ ಮನೆ
ಮೇಷ್ಟ್ರೇ, ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಈಗ ನನ್ನ ಷರತ್ತು. ಅಧಿಕೃತ ಅಂತ ಬೋರ್ಡ್ ಹಾಕಿಕೊಂಡು ಬಂದು ಸಾಮಾನನ್ನು ಅದೇ ಗೋಡೌನಿಗೆ ಮಾರಿಬಿಡುವವರೂ ಇರಬಹುದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಹೆಸರು ಇದೆಯಾ, ಕೇಂದ್ರ ಮಂಡಳಿಯ ಇ-ವೇಸ್ಟ್ ಪೋರ್ಟಲ್‌ನಲ್ಲಿ ನೋಂದಣಿ ಚಾಲ್ತಿಯಲ್ಲಿದೆಯಾ, ಎರಡೂ ನೋಡಿದ ಮೇಲೆಯೇ ಗಾಡಿ ಒಳಗೆ ಬರಬೇಕು. ಗಾಡಿ ನಂಬರ್ ಬರೆದುಕೊಳ್ಳಬೇಕು. ನಮ್ಮೆದುರೇ ತೂಕ ಆಗಬೇಕು, ಬಗೆಬಗೆಗೆ ಬೇರೆ ಬೇರೆ ತೂಕ ಬರೆದ ರಸೀದಿ ಸಂಘದ ಹೆಸರಿಗೆ ಬೇಕು. ಸಾಮಾನು ಘಟಕ ಸೇರಿದ ಮೇಲೆ ಪ್ರಮಾಣಪತ್ರ ಕಳಿಸಬೇಕು. ಈ ಪುಸ್ತಕ ಬರೆಯುವ ಕೆಲಸ ನನಗೇ ಇರಲಿ, ಬೆಳಿಗ್ಗೆಯಿಂದ ಮೇಜು ಹಾಕಿಕೊಂಡು ಕೂರ್ತೀನಿ.

ನಮ್ಮ ಫ್ರಿಜ್ ಮಾತ್ರ ಕೊಡಲ್ಲ. ಇನ್ನೂ ಓಡುತ್ತೆ.

ಮೇಷ್ಟ್ರು, 2ನೇ ಮೇನ್
ಓಡುವ ಸಾಮಾನು ಯಾರೂ ಕೊಡೋದು ಬೇಡ. ರಿಪೇರಿ ಆಗೋದಿದ್ದರೆ ಎಸ್‌ಪಿ ರೋಡಿನಲ್ಲಿ ಒಮ್ಮೆ ಕೇಳಿ ನೋಡಿ. ಆದರೆ ಫ್ರಿಜ್ ಕೆಟ್ಟಾಗ ಪೈಪ್ ಕತ್ತರಿಸಿ ಕಂಪ್ರೆಸರ್ ಬಿಚ್ಚೋಕೆ ಬಿಡಬೇಡಿ, ಒಳಗಿನ ಗ್ಯಾಸ್ ಗಾಳಿಗೆ ಸೇರುತ್ತೆ. ತುಂಬಾ ಹಳೇ ಫ್ರಿಜ್‌ಗಳಲ್ಲಿರೋದು ಓಜೋನ್ ಪದರಕ್ಕೇ ಹಾನಿ ಮಾಡುವ ಗ್ಯಾಸ್.

ಪಾರ್ಕ್ ಎದುರಿನ ಮನೆ
ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬ್ ತರಬಹುದಾ? ಮತ್ತೆ ನಮ್ಮ ಮನೆಯಲ್ಲಿ ಒಂದು ಫೋನಿನ ಬ್ಯಾಟರಿ ಉಬ್ಬಿಕೊಂಡು ಹಿಂದಿನ ಮುಚ್ಚಳ ಎದ್ದಿದೆ. ಕಸದ ಆಟೋಗೆ ಹಾಕೋಕೆ ಹೋದರೆ ತಗೊಳ್ಳಲಿಲ್ಲ.

3ನೇ ಮೇನ್, ಮೊದಲ ಮಹಡಿ
ಆಂಟಿ, ತಗೊಳ್ಳದೇ ಇದ್ದದ್ದೇ ಒಳ್ಳೆಯದಾಯ್ತು. ಕಸದ ಜೊತೆ ಒತ್ತಿ ಜಜ್ಜಿದರೆ ಅದು ಬೆಂಕಿ ಹತ್ತಿಕೊಳ್ಳುತ್ತೆ. ಅದನ್ನು ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಬ್ಯಾಟರಿ ಬಿಚ್ಚೋಕೂ ಹೋಗಬೇಡಿ. ಒಂದು ಮಣ್ಣಿನ ಕುಂಡದಲ್ಲಿ ಒಣ ಮರಳು ಹಾಕಿ, ಅದರೊಳಗೆ ಇಟ್ಟು ಬಾಲ್ಕನಿಯಲ್ಲಿ ನೆರಳಿಗೆ ಇಡಿ. ಮಗು ಕೈಗೆ ಸಿಗದ ಹಾಗೆ. ಅವತ್ತು ನಾನೇ ಬಂದು ಕುಂಡದ ಸಮೇತ ತಗೊಂಡು ಹೋಗ್ತೀನಿ.

ಕಾರ್ಯದರ್ಶಿ
ಟ್ಯೂಬ್‌ಲೈಟ್, ಸಿಎಫ್‌ಎಲ್ ಎರಡೂ ತನ್ನಿ, ಆದರೆ ಒಡೆಯದ ಹಾಗೆ ಪೇಪರ್ ಸುತ್ತಿ ರಟ್ಟಿನ ಡಬ್ಬದಲ್ಲಿ. ಒಳಗೆ ಪಾದರಸ ಇರುತ್ತೆ. ಮನೆಯಲ್ಲಿ ಒಡೆದರೆ ಕಿಟಕಿ ತೆಗೆದು ಎಲ್ಲರೂ ಸ್ವಲ್ಪ ಹೊತ್ತು ಆಚೆ ಬನ್ನಿ. ಪೊರಕೆಯಲ್ಲಿ ಗುಡಿಸಬೇಡಿ, ದಪ್ಪ ಕಾಗದದಲ್ಲಿ ಬಳಿದು ಮುಚ್ಚಳದ ಬಾಟಲಿಗೆ ಹಾಕಿಡಿ. ಯುಪಿಎಸ್‌ನ ದೊಡ್ಡ ಬ್ಯಾಟರಿ ಈ ಸಂಗ್ರಹಕ್ಕೆ ಬೇಡ. ಅದಕ್ಕೆ 2022ರ ಬೇರೆ ನಿಯಮ ಇದೆ, ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಿ.

ಸಮಯ ಬೆಳಿಗ್ಗೆ 8ರಿಂದ 12. ಮಳೆ ಬಂದರೆ ಕಟ್ಟೆ ಬದಲು ಸಂಘದ ಕೋಣೆ. ಮನೆಯಿಂದ ಸಾಮಾನು ಇಳಿಸೋಕೆ ಸಹಾಯ ಬೇಕಾದವರು ಮನೆ ನಂಬರ್ ಮತ್ತು ಸಾಮಾನಿನ ಹೆಸರು ಇದರ ಕೆಳಗೇ ಬರೆಯಿರಿ. ಶುಕ್ರವಾರ ರಾತ್ರಿಯೊಳಗೆ ಬರೆದರೆ ಗಾಡಿ ಯಾವ ಬೀದಿಗೆ ಮೊದಲು ಬರಬೇಕು ಅಂತ ಶನಿವಾರ ಹೇಳ್ತೀನಿ.

7ನೇ ಕ್ರಾಸ್, ಮಾವಿನ ಮರದ ಮನೆ
ನಮ್ಮದು ಬರೆದುಕೊಳ್ಳಿ: ಡಬ್ಬಾ ಟಿವಿ ಒಂದು, ಮಿಕ್ಸಿ ಎರಡು, ಫೋನು ಒಂದು ಚೀಲ. ಟಿವಿ ಎರಡನೇ ಮಹಡಿಯಲ್ಲಿದೆ, ಇಬ್ಬರು ಬೇಕು.